ಮೂರು ನಿಮಿಷದ ಪ್ಲೇಟು

ನಮ್ಮ ಭಜನಾ ಮಂಡಳಿಯಲ್ಲಿ ಒಂಬತ್ತು ಜನ. ಎಲ್ಲರೂ ಧಾರವಾಡ, ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ನಾಗಪುರಕ್ಕೆ ಬಂದ ರೈಲ್ವೆ ನೌಕರರು. ಶನಿವಾರ ಸಂಜೆ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಸೇರುತ್ತಿದ್ದೆವು. ನನ್ನದು ತಬಲಾ. ಹಾರ್ಮೋನಿಯಂ ನುಡಿಸುತ್ತಿದ್ದ ಹೆಡ್ ಕ್ಲಾರ್ಕರನ್ನು ಮಾಸ್ತರು ಎನ್ನುತ್ತಿದ್ದೆವು. ನಮ್ಮೊಳಗೆ ನಿಜವಾದ ಹಾಡುಗಾರರು ಅವರೊಬ್ಬರೇ. ಉಳಿದವರದು ಬರೀ ಭಕ್ತಿ.

ಐವತ್ತರ ದಶಕದ ನಡುವೆ ಮಾಸ್ತರ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಆಗಲೇಬೇಕೆಂದರು ಡಾಕ್ಟರು. ಅವರ ಹೆಂಡತಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, "ಆಮ್ಯಾಲ ದನಿ ಉಳಿಯೂದು ಖಾತ್ರಿ ಇಲ್ಲಂತರಿ. ಹೆಂಗಾರ ಮಾಡಿ ಇವರ ದನಿ ಒಂದ್ ಪ್ಲೇಟಿನಾಗ ಹಿಡದ ಕೊಡ್ರಿ" ಎಂದರು. ಆಗ ಮುಂಬಯಿಯವನೊಬ್ಬ ಗ್ರಾಮಾಫೋನ್ ಪ್ಲೇಟು ಮಾಡುವ ಯಂತ್ರ ತಂದು ಸೀತಾಬರ್ಡಿ ಪೇಟೆಯಲ್ಲಿ ಇಳಿದಿದ್ದ. ಪ್ಲೇಟಿನ ಒಂದು ಮಗ್ಗುಲು ನಮಗೆ ಸಿಕ್ಕಿತು. ಮೂರೇ ನಿಮಿಷ. ಸೂಜಿ ನೇರವಾಗಿ ಪ್ಲೇಟಿನ ಮೇಲೆ ಕೊರೆಯುತ್ತಿದ್ದುದರಿಂದ ತಪ್ಪಿದರೆ ತಿದ್ದುವಂತಿರಲಿಲ್ಲ.

ತಾಲೀಮಿನಲ್ಲಿ ನನ್ನ ತಲೆ ಕೆಟ್ಟುಹೋಯಿತು. ನಮ್ಮಲ್ಲೊಂದು ಪದ್ಧತಿ. ಮಾಸ್ತರು ಒಂದು ಸಾಲು ಹೇಳಿ ಪಕ್ಕದವರಿಗೆ ಕೈ ತೋರಿಸುವರು. ಅವರು ಹೇಳಿದ ಮೇಲೆ ಅವರ ಪಕ್ಕದವರು, ಹೀಗೆ ಎಲ್ಲರ ಸುತ್ತು ಮುಗಿದರೇ ಮುಂದಿನ ಸಾಲು. ಗಡಿಯಾರ ಇಟ್ಟು ನೋಡಿದೆ, ಹನ್ನೊಂದು ನಿಮಿಷ. ನುಡಿಗಳನ್ನು ಕಡಿಮೆ ಮಾಡಿದೆವು, ಲಯ ಏರಿಸಿದೆವು. ಪಾಳಿ ಮಾತ್ರ ಮಾಸ್ತರು ಬಿಡಲೊಲ್ಲರು.

"ನೀವೊಬ್ಬರ ಹಾಡ್ರಿ ಮಾಸ್ತರ. ಇದೆಲ್ಲಾ ನಿಮ್ಮ ದನಿ ಸಲುವಾಗಿ ನಡದೈತಿ" ಎಂದೆ.

"ಇದೇನ್ ನಾಟಕ ಕಂಪನಿ ಏನು? ಭಜನ್ಯಾಗ ಎಲ್ಲಾರಿಗೂ ಪಾಳಿ ಬರಬೇಕು, ಬರೋಬರ್" ಎಂದರು.

ವಾರಗಟ್ಟಲೆ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಗಂಟಲು ಅವರದು, ಹೆಂಡತಿ ಅವರವಳು, ಉರಿದುಕೊಳ್ಳುವವನು ಮಾತ್ರ ನಾನು. ಕೊನೆಗೆ ನಾವು ಎಂಟು ಜನ ಅವರಿಗೆ ತಿಳಿಯದಂತೆ ಒಂದು ನಿಶ್ಚಯ ಮಾಡಿದೆವು. ಅವರು ಕೈ ತೋರಿಸಿದಾಗ ಯಾರೂ ಬಾಯಿ ತೆಗೆಯಬಾರದು. ಗತಿಯಿಲ್ಲದೆ ತಾವೇ ಹಾಡುತ್ತಾರೆ ಎಂಬುದು ನನ್ನ ಲೆಕ್ಕ.

ಆ ದಿನ ಸೂಜಿ ಇಳಿಯಿತು. ಮಾಸ್ತರು ಒಂದು ಸಾಲು ಹಾಡಿದರು. ಅಷ್ಟು ಚೆನ್ನಾಗಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ರೈಲ್ವೆ ಗಾರ್ಡನಿಗೆ ಕೈ ತೋರಿಸಿದರು. ಅವನು ಗೋಡೆ ನೋಡಿದ. ಅವನಾಚೆಯವನಿಗೆ ತೋರಿಸಿದರು. ಅವನು ಕಾಲು ನೋಡಿಕೊಂಡ. ಹಾರ್ಮೋನಿಯಂ, ನನ್ನ ತಬಲಾ ಎರಡೇ ನುಡಿಯುತ್ತಿದ್ದವು. ಮಾಸ್ತರು ಕಾದರು. ಆಮೇಲೆ ಸಿಟ್ಟಿನಿಂದ, "ಹೇಳ್ರಲ್ಲಾ. ಬಾಯಾಗ ಏನ್ ಸಂತ್ರಾ ಹಣ್ಣ ಇಟ್ಕೊಂಡ ಕುಂತೀರೇನು?" ಎಂದರು.

ಅಷ್ಟಕ್ಕೇ ಎಲ್ಲರ ಧೈರ್ಯ ಹಾರಿಹೋಯಿತು. ಎಂಟೂ ಜನ ಒಟ್ಟಿಗೆ ಆ ಸಾಲನ್ನೇ ಕಿರುಚತೊಡಗಿದೆವು, ನಾನೂ ಸೇರಿ. ಮೂರು ನಿಮಿಷ ಮುಗಿಯುವವರೆಗೆ ಯಾರೂ ನಿಲ್ಲಿಸಲಿಲ್ಲ. ಯಂತ್ರದವನು "ಚಲೋ, ಹೋ ಗಯಾ" ಎಂದು ಸೂಜಿ ಎತ್ತಿದ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನಾಚಿಕೆಯಿಂದ ತಿಂಗಳೊಪ್ಪತ್ತು ತಡೆದು ಪ್ಲೇಟನ್ನು ಅವರ ಮನೆಗೆ ಒಯ್ದು ಗ್ರಾಮಾಫೋನಿಗೆ ಹಚ್ಚಿದೆ. ಒಂದು ಸಾಲು, ಬೈಗುಳ, ಆಮೇಲೆ ನಮ್ಮ ಗದ್ದಲ. ಕೇಳಲಾಗದೆ ಸೂಜಿ ಎತ್ತಿಬಿಟ್ಟೆ. "ತಪ್ಪಾತರಿ ಅಕ್ಕಾರ" ಎಂದೆ.

"ಆ ಬೈದದ್ದು ಮತ್ತೊಮ್ಮೆ ಹಚ್ರಿ" ಎಂದರು ಅವರ ಹೆಂಡತಿ. "ಪದಾ ಎಲ್ಲಾರ ಮುಂದ ಹಾಡತಿದ್ರು. ನನ್ನ ಕೂಡ ಹಿಂಗ ಮಾತಾಡತಿದ್ರು."

ಎದುರಿಗೇ ಕೂತಿದ್ದ ಮಾಸ್ತರು ಎದ್ದು ಬಂದು, ತಾವೇ ಸೂಜಿ ಇಟ್ಟರು.