ಅಜ್ಜಿಯನ್ನು ಮಲಗಿಸಿ ಇಳಿಸಿದ್ದು

ಎಂಬತ್ತರ ದಶಕದ ಮೊದಲಲ್ಲಿ ಬಳ್ಳಾರಿಯ ಆ ಖಾಸಗಿ ಆಸ್ಪತ್ರೆಗೆ ಮೂರು ಮಹಡಿ. ಅಷ್ಟಕ್ಕೇ ನಮ್ಮ ಸಿರುಗುಪ್ಪದ ಮಂದಿ ಕತ್ತು ನೋಯುವಂತೆ ನೋಡುತ್ತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ನನ್ನ ಅಜ್ಜಿಯನ್ನು ತುತ್ತತುದಿಗೆ ಏರಿಸಿ ಮಲಗಿಸಿದ್ದರು. ಯಾವ ಪುಣ್ಯಾತ್ಮನ ಬುದ್ಧಿಯೋ! ಪಕ್ಕದ ಮಂಚದಲ್ಲಿ ವೈಷ್ಣವರ ಮನೆಯ ಇನ್ನೊಬ್ಬ ಅಜ್ಜಿ, ಉಬ್ಬಸದವರು.

ಒಂದು ಮಧ್ಯಾಹ್ನ ಕೆಳಗೆ ಮೀಟರ್ ಬೋರ್ಡ್ ಹೊತ್ತಿಕೊಂಡು ಮೆಟ್ಟಿಲ ತುಂಬ ಹೊಗೆ ಏರಿತು. ವಾರ್ಡ್ ಬಾಯ್‌ಗಳು ಓಡಿಬಂದು ನಮ್ಮಜ್ಜಿಗೆ ಕುರ್ಚಿ, ಅವರಿಗೆ ಸ್ಟ್ರೆಚರ್ ತಂದರು.

"ಕುಂದ್ರಿಸಿ ಹೊತ್ಕೊಂಡು ಹೋಗಾಕ ನಾ ಏನ್ ಹೆಣ ಆಗೀನೇನ್ ಲೇ?" ಎಂದಳು ಅಜ್ಜಿ. ನಮ್ಮದು ಲಿಂಗ ಕಟ್ಟುವವರ ಮನೆ. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಹೊರುವುದು.

ಅತ್ತ ಆ ಅಜ್ಜಿ ಸ್ಟ್ರೆಚರ್ ಮುಟ್ಟಗೊಡಲಿಲ್ಲ. "ಮಲಗಿಸಿ ಹೊರೋದು ಹೋದವರನ್ನಪ್ಪಾ. ನನಗಿನ್ನೂ ಉಸಿರದ!" ಎಂದರು, ಉಸಿರಿಗೆ ಪರದಾಡುತ್ತಲೇ.

ನನ್ನ ತಲೆ ಕೆಟ್ಟುಹೋಯಿತು. "ಅದಲುಬದಲು ಮಾಡ್ರಿ!" ಎಂದು ಅರಚಿದೆ. ಇಬ್ಬರೂ ತಕರಾರಿಲ್ಲದೆ ಏರಿದರು. ಆ ಅಜ್ಜಿ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತು, ಬೀಗರ ಮನೆಗೆ ಹೊರಟವರ ಹಾಗೆ ಮುಂದೆ ಹೋದರು.

ನಾನು ಸ್ಟ್ರೆಚರನ್ನು ತಲೆಯ ಕಡೆ ಹಿಡಿದೆ. ಮೆಟ್ಟಿಲ ಮೊದಲ ತಿರುವಿನಲ್ಲೇ ಅಜ್ಜಿ ನನ್ನ ಅಂಗಿ ಜಗ್ಗಿದಳು.

"ದಾರ್ಯಾಗ ಏನರ ಆತಂದ್ರ ನನ್ನ ಕುಂದ್ರಿಸ್ಬೇಕು ನೋಡು. ಮಲಗಿಸ್ಕೊಂಡು ಒಯ್ದಿ ಅಂದ್ರ ನಿನ್ನ ಬಿಡೂದಿಲ್ಲ."

ಹೂಂ ಅಂದೆ. ಹೂಂ ಅಂದಮೇಲೆ ಏನಾದರೂ ಆಗಿದೆಯೋ ಇಲ್ಲವೋ ಗೊತ್ತಾಗಬೇಡವೇ? ಪ್ರತಿ ತಿರುವಿನಲ್ಲೂ "ಅಜ್ಜೀ, ಅದೀಯಾ?" ಎಂದು ಕೂಗುತ್ತಿದ್ದೆ. "ಅದೀನಿ" ಎನ್ನುತ್ತಿದ್ದಳು. ಕಾಲ ಕಡೆ ಹಿಡಿದಿದ್ದ ವಾರ್ಡ್ ಬಾಯ್, "ಸುಮ್ನ ನಡೀರಿ ಸಾರ್" ಎಂದು ಕೆಮ್ಮುತ್ತಿದ್ದ.

ಅರ್ಧ ದಾರಿಯಲ್ಲಿ ನರ್ಸೊಬ್ಬರು ಅಜ್ಜಿಯ ಮೂಗು ಬಾಯಿ ಮುಚ್ಚುವಂತೆ ಒದ್ದೆ ಟವೆಲ್ ಸುತ್ತಿದರು. ಮುಂದಿನ ತಿರುವಿನಲ್ಲಿ ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲ. ತಾಯಿಲ್ಲದ ನನ್ನನ್ನು ಸಾಕಿದವಳು ಅವಳು. ಟವೆಲ್ಲಿನ ನೆನಪೇ ಹಾರಿಹೋಗಿತ್ತು. ಸ್ಟ್ರೆಚರ್ ಇಳಿಸಿ, ಗೊಳೋ ಎಂದು ಅಳುತ್ತ, ಕಂಕುಳಿಗೆ ಕೈಹಾಕಿ ಅವಳನ್ನು ಎಬ್ಬಿಸಿ ಕೂರಿಸಿದೆ.

ಕೂತವಳೇ ಟವೆಲ್ ಕಿತ್ತೆಸೆದು ನನ್ನ ಕಪಾಳಕ್ಕೆ ಬಿಗಿದಳು. "ಬಾಯಿ ಕಟ್ಟಿ ಮಾತಾಡು ಅಂದ್ರ ಹೆಂಗ ಲೇ? ಇಷ್ಟು ಅವಸರ ಐತೇನು ನಿನಗ?"

ಕೆನ್ನೆ ಉರಿಯುತ್ತಿತ್ತು. ಅಳುತ್ತಲೇ ನಕ್ಕು, ಅವಳನ್ನು ಮತ್ತೆ ಮಲಗಿಸಿದೆ.