ಬೇರಿಂಗಿಗೆ ಹಾಕಿದ ತೆಳು ಎಣ್ಣೆ

ಗಾಳದ ರೀಲು ರಿಪೇರಿ ಮಾಡುವವನನ್ನು ಬಂದರಿನವರೆಲ್ಲ ಗ್ರೀಸಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅದೇ ಅಂಗಡಿ: ಎರಡು ಹೆಜ್ಜೆ ಇಟ್ಟರೆ ಹಿಂದಿನ ಗೋಡೆ, ಕಿಟಕಿಗೆ ಆತುಕೊಂಡ ಮೇಜು, ಮೇಜಿನ ಮೇಲೆ ಚಿಮಟ, ಸೀಮೆಎಣ್ಣೆಯ ಬಟ್ಟಲು, ಒಂದು ಸೀಸೆ ತೆಳು ಎಣ್ಣೆ, ಒಂದು ಡಬ್ಬಿ ಗ್ರೀಸ್. ಮಾತಿನಲ್ಲಿ ಮಹಾ ಜಿಪುಣ. ಎಣ್ಣೆಯ ವಿಷಯ ಎತ್ತಿದಿರೋ ಮುಗಿಯಿತು, ತಲೆ ಚಿಟ್ಟು ಹಿಡಿಸಿಯೇ ಕಳಿಸುತ್ತಿದ್ದ.

ಅವನ ಪಾಠ ಇಷ್ಟೇ. ಕೆರೆಯಲ್ಲಿ ಗಾಳ ಹಾಕುವವನ ರೀಲಿನ ಬೇರಿಂಗಿಗೆ ತೆಳು ಎಣ್ಣೆ ಸಾಕು. ರೀಲು ಸರಾಗವಾಗಿ ತಿರುಗುತ್ತದೆ, ಗಾಳ ದೂರ ಬೀಳುತ್ತದೆ. ಕಡಲಿಗೆ ಹೋಗುವವನಿಗೆ ಗ್ರೀಸೇ ಆಗಬೇಕು. ತಿರುಗುವುದು ತುಸು ನಿಧಾನ, ಆದರೆ ಉಪ್ಪುನೀರನ್ನು ಒಳಗೆ ಬಿಡುವುದಿಲ್ಲ. ಕಡಲಿನಲ್ಲೂ ದೂರವೇ ಬೇಕೆಂದು ಹಟ ಹಿಡಿದವರಿಗೆ ತೆಳು ಎಣ್ಣೆ ಹಾಕಿಕೊಟ್ಟು, "ವಾರಕ್ಕೊಂದ್ಸಲ ತಂದು ತೊಳೆಸ್ಕೊಂಡು ಹೋಗಿ. ಇಲ್ಲಾಂದ್ರೆ ತುಕ್ಕು ಹಿಡಿದು ಕಚ್ಕೊಳ್ಳುತ್ತೆ, ಆಮೇಲೆ ನನ್ನ ಬೈಬೇಡಿ" ಎಂದು ಗಿಳಿಪಾಠ ಒಪ್ಪಿಸುತ್ತಿದ್ದ. ಅದನ್ನು ಕೇಳದೆ ಆ ಅಂಗಡಿಯ ಮೆಟ್ಟಿಲು ಇಳಿದವರಿರಲಿಲ್ಲ, ಒಬ್ಬನನ್ನು ಬಿಟ್ಟು.

ಆ ಒಬ್ಬ ಗ್ರೀಸಣ್ಣನ ಹೆಂಡತಿಯ ತಮ್ಮ. ಎಂಟು ವರ್ಷದವನಿದ್ದಾಗ ಅಕ್ಕನ ಮನೆಗೆ ಬಂದು ಅಲ್ಲೇ ಬೆಳೆದವನು. ಈಗ ಬಡಗಿ, ಮೊದಲ ಉಳಿ ಕೊಡಿಸಿದವನೂ ಭಾವನೇ. ರಜೆ ಸಿಕ್ಕರೆ ಸಾಕು, ಕಡಲ ಬಂಡೆಯ ಮೇಲೆ ಗಾಳ ಹಿಡಿದು ನಿಲ್ಲುವ ಹುಚ್ಚು.

"ಭಾವ, ಪಕ್ಕದ ಬಂಡೆಯವನು ನನ್ನ ನೋಡಿ ನಗ್ತಾನೆ. ಅವನಿಗಿಂತ ದೂರ ಬೀಳ್ಬೇಕು, ಏನಾದ್ರೂ ಮಾಡಿ" ಎಂದು ಒಂದು ದಿನ ರೀಲು ತಂದು ಮೇಜಿನ ಮೇಲಿಟ್ಟ.

ಗ್ರೀಸಣ್ಣ ಅಂದು ಖುಷಿಯಲ್ಲಿದ್ದ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಳೆಯ ಗ್ರೀಸನ್ನೆಲ್ಲ ತೊಳೆದು, ಒಣಗಿಸಿ, ತೆಳು ಎಣ್ಣೆ ಎರಡು ಹನಿ ಬಿಟ್ಟು, ಪೆನ್ಸಿಲ್ ತುದಿಗೆ ಸಿಕ್ಕಿಸಿ ಬೆರಳಿನಿಂದ ಚಿಮ್ಮಿದ. ಅದು ತಿರುಗಿತು, ತಿರುಗಿತು, ನಿಲ್ಲುವ ಹಾಗೇ ಕಾಣಲಿಲ್ಲ. ಇಬ್ಬರೂ ಮಕ್ಕಳ ಹಾಗೆ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಳು, ಎದ್ದು ಹೋದರು. ಪಾಠ ಉಳಿದುಹೋಯಿತು. ಮನೆಯವನಿಗೆ ಯಾರು ಪಾಠ ಹೇಳುತ್ತಾರೆ?

ಐದು ವಾರದ ಮೇಲೆ ದೊಡ್ಡ ಮೀನೊಂದು ಗಾಳ ಕಚ್ಚಿ ಓಡಿತು. ಸ್ವಲ್ಪ ದಾರ ಬಿಟ್ಟ ರೀಲು ಗಕ್ಕನೆ ನಿಂತಿತು. ಕೋಲು ಕೈಜಾರುವುದರಲ್ಲಿತ್ತು, ಅವನು ಬಲಗೈಯಿಂದ ದಾರವನ್ನೇ ಹಿಡಿದ. ದಾರ ಬೆರಳಿಗೆ ಸುತ್ತಿಕೊಂಡಿತು, ಮೀನು ಎಳೆಯಿತು. ಹೆಬ್ಬೆರಳು, ತೋರುಬೆರಳು ಎರಡೂ ಹೋದವು. ಇನ್ನು ಆ ಕೈ ಉಳಿ ಹಿಡಿಯುವುದಿಲ್ಲ.

ರೀಲನ್ನು ಯಾರೋ ಅಂಗಡಿಗೆ ತಂದುಕೊಟ್ಟರು. ಗ್ರೀಸಣ್ಣ ಬಿಚ್ಚಿದ. ಬೇರಿಂಗು ಕೆಂಪಗೆ ತುಕ್ಕು ಹಿಡಿದು ಕಲ್ಲಾಗಿತ್ತು. ತಪ್ಪು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೇಳಿಬಿಡಬೇಕು, ಇವತ್ತೇ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಆಸ್ಪತ್ರೆಗೆ ನಡೆದ.

ಅವನು ಬಾಯಿ ತೆರೆಯುವ ಮೊದಲೇ, ಮಂಚದ ಪಕ್ಕ ಕೂತಿದ್ದ ಹೆಂಡತಿ ತಮ್ಮನ ಮೇಲೆ ಹರಿಹಾಯುತ್ತಿದ್ದಳು. "ವಾರಕ್ಕೊಂದ್ಸಲ ತನ್ನಿ ಅಂತ ಇವರು ಕಂಡೋರಿಗೆಲ್ಲ ಬಾಯಿ ನೋಯೋಷ್ಟು ಹೇಳ್ತಾರೆ. ನಿನಗೊಬ್ಬನಿಗೆ ಹೇಳ್ದೆ ಇರ್ತಾರಾ? ನೀನು ಕಿವಿಗೆ ಹಾಕ್ಕೊಂಡಿಲ್ಲ!"

ತಮ್ಮ ಬ್ಯಾಂಡೇಜು ನೋಡುತ್ತ ನೆನಪು ಮಾಡಿಕೊಳ್ಳಲು ಹೆಣಗಿದ. "ಹೇಳೇ ಇರ್ತೀರ ಭಾವ, ನನಗೇ ಜ್ಞಾಪಕ ಇಲ್ಲ. ಹೇಳಿದ್ರಿ, ಅಲ್ವಾ?"

ಇಬ್ಬರೂ ಅವನ ಮುಖ ನೋಡಿದರು. ಇಲ್ಲ ಎಂಬ ಎರಡಕ್ಷರ ನಾಲಗೆಯ ತುದಿಗೆ ಬಂತು. ಹೆಂಡತಿಯ ಕಣ್ಣು ಅತ್ತು ಅತ್ತು ಊದಿತ್ತು. ಅವಳ ಮುಂದೆ ಅದನ್ನು ಆಡುವ ಧೈರ್ಯ ಅವನಿಗಿರಲಿಲ್ಲ. ಹೇಡಿ, ಸುತ್ತಿಬಳಸಿ ಹೇಳುವುದೇನಿದೆ?

"ಹೇಳಿದ್ದೆ" ಎಂದ.

ಮಲಗಿದ್ದವನು ಎಡಗೈ ಚಾಚಿ ಅವನ ಕೈ ಹಿಡಿದುಕೊಂಡ. "ನಿಮ್ಮ ಮಾತು ಕೇಳ್ದೆ ನಿಮ್ಮ ಕೆಲಸಕ್ಕೂ ಕೆಟ್ಟ ಹೆಸರು ತಂದೆ. ತಪ್ಪಾಯ್ತು ಭಾವ, ಮನಸ್ಸಲ್ಲಿ ಇಟ್ಕೋಬೇಡಿ."

"ಆಯ್ತು, ಬಿಡು" ಎಂದು ಗ್ರೀಸಣ್ಣ ಅವನನ್ನು ಕ್ಷಮಿಸಿದ.