ಮೊದಲು ತುರಿಸಿಕೊಂಡವರು

ಮೊನ್ನೆ ಮಗಳಿಗೆಂದು ತಂದ ಮುಲಾಮಿನ ಮುಚ್ಚಳ ತೆರೆದೆ. ಗಂಧಕದ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಹೊಡೆದು ಆರಿದ ಪಟಾಕಿಯ ವಾಸನೆ ಎನಿಸಬಹುದು. ನನಗೆ ಮಾತ್ರ ನನ್ನ ಹೆಂಡತಿಯ ದೊಡ್ಡವ್ವ ನೆನಪಾದಳು.

ಈ ಮಗಳು ಹುಟ್ಟಿದ್ದು ಹದಿಮೂರು ವರ್ಷದ ಹಿಂದೆ, ನಾವು ಪುಣೆಯ ಬಿಬವೇವಾಡಿಯ ಒಂದೇ ಕೋಣೆಯಲ್ಲಿದ್ದಾಗ. ಹೆಂಡತಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಬಾಗಲಕೋಟೆಯಿಂದ ದೊಡ್ಡವ್ವ ಬಂದಳು, ಕೈಯಲ್ಲೊಂದು ಟ್ರಂಕು, ಅಂಟಿನುಂಡೆಯ ಡಬ್ಬಿ. ಕೂಸಿಗೆ ಎರೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕಾಲು ಚಾಚಿ ಕೂತು, ಅವುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಬಿಸಿನೀರು ಹಾಕಿದರೆ, ಅಳುವ ಕೂಸು ಅಲ್ಲಿಯೇ ಕಣ್ಣು ಮುಚ್ಚುತ್ತಿತ್ತು.

ನಾನು ದರ್ಜಿ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನಾದರೂ ಪ್ಯಾಂಟಿನ ಕಟಿಂಗಿನಲ್ಲಿ ನಮ್ಮ ಗಲ್ಲಿಯಲ್ಲಿ ನನಗೆ ಸರಿಸಾಟಿ ಇರಲಿಲ್ಲ. ಇದನ್ನು ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೆ. ದಿನಕ್ಕೆ ಎರಡು ಸಲ ಸ್ನಾನ, ಇಸ್ತ್ರಿ ಮಾಡಿದ ಅಂಗಿ. "ಬಡತನ ಬ್ಯಾರೆ, ಹೊಲಸು ಬ್ಯಾರೆ" ಎಂದು ಕೇಳದವರಿಗೂ ಉಪದೇಶ. ಬಂದ ಹಿರಿಯಳಿಗೆ ಮರ್ಯಾದೆಯಾಗಲಿ ಎಂದು ನಾನು ಹೊದೆಯುತ್ತಿದ್ದ ಕೌದಿಯನ್ನೇ ಕೊಟ್ಟೆ.

ಮೂರನೆಯ ದಿನ ದೊಡ್ಡವ್ವ ಬೆರಳ ಸಂದಿಯನ್ನು ಪರಪರ ಕೆರೆದುಕೊಳ್ಳತೊಡಗಿದಳು.

"ದೊಡ್ಡವ್ವಾ, ಊರಿಂದ ಉಂಡಿ ತಂದ್ರಿ, ಸಂಗಡ ಇದನ್ನೂ ತಂದ್ರೇನು?" ಎಂದೆ. "ಇನ್ನ ಕೂಸನ್ನ ಮುಟ್ಟಬ್ಯಾಡ್ರಿ."

ಕೂಸಿಗಾಗಿ ಚಾಚಿದ್ದ ಕೈಗಳನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು. ಅಂದು ಹೆಂಡತಿಯೇ ಎರೆದಳು. ಕೂಸು ಚೀರಿ ಚೀರಿ ಕೆಂಪಾಯಿತು. ದೊಡ್ಡವ್ವ ಹೊಸ್ತಿಲ ಆಚೆ ಕೂತು, "ಕಿವಿಗೆ ಕೈ ಅಡ್ಡ ಹಿಡಿಯವ್ವಾ, ನೀರು ಹೋದೀತು" ಎನ್ನುತ್ತಿದ್ದಳು. ಅವಳ ತಾಟನ್ನೂ ಬೇರೆ ಇಡಿಸಿದೆ. ಇದನ್ನು ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ.

ಮರುದಿನ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಕಜ್ಜಿಯೆಂದು ಖಾತ್ರಿಯಾದರೆ ಸಂಜೆಯ ಬಸ್ಸಿಗೆ ಹತ್ತಿಸುವುದೆಂದು ಮನಸ್ಸಿನಲ್ಲಿತ್ತು. ದೊಡ್ಡವ್ವನಿಗೂ ಅದು ಗೊತ್ತಿತ್ತು. ಟ್ರಂಕು ಕಟ್ಟಿಟ್ಟೇ ಬಂದಿದ್ದಳು.

ವಯಸ್ಸಾದ ಆ ಡಾಕ್ಟರು ಅವಳ ಬೆರಳು ನೋಡಿದರು. ಆಮೇಲೆ ನನ್ನ ಕೈ ಕೇಳಿದರು. ನನಗೇನೂ ಇಲ್ಲ ಎಂದು ಮರಾಠಿಯಲ್ಲಿ ಜಂಬದಿಂದಲೇ ಹೇಳಿದೆ. ಅವರು ನನ್ನ ಕೈ ಎಳೆದುಕೊಂಡು ಭೂತಗನ್ನಡಿ ಹಿಡಿದು ತೋರಿಸಿದರು. ಮಣಿಕಟ್ಟಿನ ಹತ್ತಿರ, ಬಟ್ಟೆಯಲ್ಲಿ ದಾರ ಎಳೆದು ಹೋದಂಥ ಸಣ್ಣ ಗೆರೆ. ತಿಂಗಳ ಹಿಂದೆ ಬೇರೆಲ್ಲಾದರೂ ಮಲಗಿದ್ದಿರಾ ಎಂದರು. ಮಲಗಿದ್ದೆ. ಲಗ್ನದ ಸೀಸನ್ನಿನಲ್ಲಿ ಒಂದು ವಾರ ಅಂಗಡಿಯಲ್ಲೇ, ಮೂವರು ಕೆಲಸಗಾರರ ಜೊತೆ ಒಂದೇ ಹೊದಿಕೆಯಲ್ಲಿ.

ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮ ಕೊರೆದು ಒಳಗೆ ಮೊಟ್ಟೆಯಿಡುತ್ತದಂತೆ. ಆ ಹುಳ, ಅದರ ಮೊಟ್ಟೆ, ಅದರ ಹೊಲಸು, ಇವುಗಳ ಮೇಲೆ ನಮ್ಮ ಮೈ ಹೂಡುವ ಜಗಳವೇ ತುರಿಕೆ. ಮೊದಲ ಸಲವಾದರೆ ಮೈಗೆ ವೈರಿಯ ಗುರುತು ಹತ್ತಲು ತಿಂಗಳು, ಇನ್ನೂ ಹೆಚ್ಚೇ ಬೇಕು. ಒಮ್ಮೆ ಆಗಿಹೋದವರ ಮೈ ಮಾತ್ರ ಮರೆತಿರುವುದಿಲ್ಲ. ಒಂದೆರಡು ದಿನದಲ್ಲೇ ಹಿಡಿಯುತ್ತದೆ. ನನಗೆ ಥಟ್ಟನೆ ತಿಳಿಯಿತು. ಹೊಸ ಗಿರಾಕಿ ಬಂದರೆ ಟೇಪು ಹಿಡಿದು ಅಳೆಯಬೇಕು. ಹಳೆಯವನಾದರೆ ಅಳತೆಯ ಪುಸ್ತಕ ತೆರೆದು ನೇರ ಕತ್ತರಿ ಹಾಕಬಹುದು.

"ಸಣ್ಣಾಕಿ ಇದ್ದಾಗ ಕಜ್ಜಿ ಆಗಿತ್ತೇನ್ರಿ ಅಂತ ಕೇಳತಾರ" ಎಂದೆ.

"ಆಗಿತ್ತ್ರಿ, ಊರಾಗಿನ ಹುಡುಗರಿಗೆಲ್ಲಾ ಆಗಿತ್ತು," ಎಂದಳು. "ಮತ್ತೇನಂತಾರ?"

ದೊಡ್ಡವ್ವನಿಗೆ ಮರಾಠಿ ಬಾರದು. ನಾನು ಹೇಳಿದ್ದೇ ಡಾಕ್ಟರರ ಮಾತು. ಟ್ರಂಕು ಕಟ್ಟಿಯೇ ಇತ್ತು, ಬಸ್ಸೂ ಇತ್ತು. ಮಾತು ತಿರುಗಿಸಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ನಿಮಗೆ ಸುಳ್ಳು ಯಾಕೆ ಹೇಳಲಿ, ಅನಿಸಿದ್ದು ನಿಜ.

"ನಾ ತಂದದ್ದಂತ, ದೊಡ್ಡವ್ವಾ. ನನ್ನ ಕೌದಿಯಿಂದ ನಿಮಗ ಹತ್ತೇದ."

ಅವಳು ನನ್ನ ಮುಖವನ್ನೇ ನೋಡಿದಳು. "ಹಂಗಾರ ಕೂಸಿಗೆ ಯಾವಾಗ ಎರೀಲಿ? ಅದನ್ನ ಕೇಳ್ರಿ ಮೊದಲ."

ತುರಿಸಲಿ ಬಿಡಲಿ, ಮನೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು, ಆಮೇಲೆ ಎರೆಯಬಹುದು ಎಂದರು ಡಾಕ್ಟರು. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಮೈ ತನ್ನ ಜಗಳ ಬಿಡುವುದು ನಿಧಾನ ಎಂದೂ ಹೇಳಿದರು. ಇದನ್ನು ಕನ್ನಡದಲ್ಲಿ ಹೇಳಿದಾಗ ದೊಡ್ಡವ್ವ ನಕ್ಕಳು.

"ನನ್ನ ಸಿಟ್ಟೂ ಹಂಗ ಅಂತ ತಿಳೀರಿ, ಅಳಿಯಂದ್ರ. ಹದಿನೈದು ದಿನ ತಡೀರಿ."

ಕೂಸಿನಿಂದ ಹಿಡಿದು ನನ್ನವರೆಗೆ ಎಲ್ಲರೂ ಗಂಧಕ ನಾರಿದೆವು. ಕೂಸು ಮತ್ತೆ ಅವಳ ಕಾಲ ಮೇಲೆ ಕಣ್ಣು ಮುಚ್ಚಿತು. ನನ್ನ ರೊಟ್ಟಿ ಮಾತ್ರ ಹದಿನೈದು ದಿನ ಒಣಗಿಯೇ ಬಂತು. ಹದಿನಾರನೆಯ ದಿನ ಅದರ ಮೇಲೆ ಬೆಣ್ಣೆ ಬಿತ್ತು.

ಆ ಕೂಸು ಈಗ ಶಾಲೆಯ ಶಿಬಿರಕ್ಕೆ ಹೋಗಿ ಬಂದು ಕೈ ಕೆರೆದುಕೊಳ್ಳುತ್ತಿದೆ. "ಯಾವಾಕಿ ಸಂಗಡ ಮಲಗಿದ್ದೀ? ಯಾರು ಹತ್ತಿಸಿದ್ರು?" ಎಂದು ಹೆಂಡತಿ ಶುರು ಮಾಡಿದಳು. ನಾನು ಮುಲಾಮನ್ನು ಮಗಳ ಕೈಗಿಟ್ಟು, ಅಂಗಿಯ ತೋಳು ಮಡಚಿ ಅವಳ ಮುಂದೆ ಕೈ ಚಾಚಿದೆ.

"ಅಪ್ಪಾ, ನಿನಗೆಲ್ಲಿ ತುರಸತದ?" ಎಂದಳು.

"ತುರಸಲಿ ಬಿಡಲಿ, ಎಲ್ಲಾರೂ ಹಚ್ಚಿಕೋಬೇಕು. ಮೊದಲ ನನಗ ಹಚ್ಚು" ಎಂದೆ.